ಪೆಟ್ಟಿಗೆ ಒಡೀರಿ ಮಾರಾಯ್ರೆ!

ಮೊನ್ನೆ ಕುಂದಾಪುರದಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಶೋಕೇಸ್ ತುಂಬ ಸಿನಿಮಾ ಬೈಕುಗಳ ಪುಟಾಣಿ ಲೋಹದ ಮಾದರಿಗಳು. 'ಟರ್ಮಿನೇಟರ್ 2' (1991) ಚಿತ್ರದಲ್ಲಿ ಅರ್ನಾಲ್ಡ್ ಓಡಿಸಿದ ಹಾರ್ಲೆ ಫ್ಯಾಟ್ ಬಾಯ್ ಕೂಡಾ ಇತ್ತು. 1:18 ಅಳತೆ, ಗೇಣಿಗಿಂತ ಚಿಕ್ಕದು. ಆದರೆ ಒಂದರ ಪೆಟ್ಟಿಗೆಯೂ ಒಡೆದಿಲ್ಲ! ಮಗ ಕೈಚಾಚಿದ ಕೂಡಲೇ ಅಪ್ಪನ ಗದರಿಕೆ: "ಮುಟ್ಬೇಡ ಮಾಣಿ, ರೇಟ್ ಹೋತ್ತ್!"

ಯಾವ ರೇಟು ಸ್ವಾಮಿ? ಇವು ಸತುವಿನ ಮಿಶ್ರಲೋಹದ ಎರಕ. ಅದರಲ್ಲಿ ಸೀಸದ ಕಲಬೆರಕೆ ಇದ್ದರೆ ತೇವದ ಗಾಳಿಗೆ ಒಳಗಿಂದಲೇ ಬಿರುಕುಬಿಟ್ಟು ಪುಡಿಯಾಗುತ್ತದೆ. ಸ್ಕ್ರೂಗೆ ತುಕ್ಕು, ಟೈರಿಗೆ ಅಂಟು ಬೇರೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಹೊರಗೆ ತೆಗೆದು ಒರೆಸದಿದ್ದರೆ ಹಾಳಾದದ್ದು ಗೊತ್ತಾಗೋದಾದರೂ ಹೇಗೆ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ಹುಟ್ಟಿದ ಯೆಜ್ಡಿಗಳು ಇವತ್ತಿಗೂ ರಸ್ತೆ ಮೇಲಿವೆ. ಯಾಕೆ? ಕಿಕ್ ಹೊಡೆದು, ಎಣ್ಣೆ ಹಾಕಿ ಓಡಿಸುವವರಿದ್ದಾರೆ, ಅದಕ್ಕೆ. ರಾಮನಗರದಲ್ಲಿ ಚಿತ್ರೀಕರಿಸಿದ 'ಶೋಲೆ'ಯ (1975) ಸೈಡ್‌ಕಾರ್ ಬೈಕ್ ನಮಗೆ ನೆನಪಿರೋದೂ ಅದು ಓಡಿದ್ದಕ್ಕೆ, ಪೆಟ್ಟಿಗೆಯಲ್ಲಿ ಕೂತಿದ್ದಕ್ಕಲ್ಲ!

ಒಡೆಯದ ಪೆಟ್ಟಿಗೆಗೆ ಹೆಚ್ಚು ದುಡ್ಡು ಸಿಗುತ್ತೆ, ಒಪ್ಪಿದೆ. ವ್ಯಾಪಾರ ಮಾಡೋರು ಮಾಡಲಿ. ಆದರೆ ಮಾರೋದೂ ಇಲ್ಲ, ಮುಟ್ಟೋದೂ ಇಲ್ಲ, ಮೇಲಿಂದ "ಸಿನಿಮಾ ಪ್ರೀತಿ" ಅಂತ ಭಾಷಣ ಬೇರೆ... ಇದೆಂತ ಪ್ರೀತಿ?

ಒಂದಾದರೂ ಪೆಟ್ಟಿಗೆ ಒಡೆದು ಆ ಮಾಣಿ ಕೈಗೆ ಕೊಡಿ. ಬಣ್ಣ ಒಂಚೂರು ಹೋದೀತು, ಹೋಗಲಿ. ನಾಳೆ ಆ ಬೈಕನ್ನು ಪ್ರೀತಿಸೋನು ಅವನೇ ತಾನೆ?

ಏನಂತೀರಿ?