ನಮ್ಮದಲ್ಲದ ವಿಜ್ಞಾನ ನಮಗೇಕೆ?

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಮರುದಿನದಿಂದಲೇ ನಮ್ಮ ಮನೆಗಳಲ್ಲಿ ಒಂದು ವಿಂಗಡಣೆ ನಡೆದುಬಿಡುತ್ತದೆ. ಹೆಚ್ಚು ಅಂಕ ಗಳಿಸಿದ ಮಗು ವಿಜ್ಞಾನಕ್ಕೆ, ಅದಕ್ಕಿಂತ ಕಡಿಮೆ ಗಳಿಸಿದ್ದು ವಾಣಿಜ್ಯಕ್ಕೆ, ಉಳಿದದ್ದು ಕಲಾ ವಿಭಾಗಕ್ಕೆ. ವಿಜ್ಞಾನ ಸೇರದ ಮಕ್ಕಳ ಪಠ್ಯಪುಸ್ತಕಗಳು ಅದೇ ವಾರ ರದ್ದಿ ಅಂಗಡಿಯನ್ನು ಸೇರುತ್ತವೆ. ಹದಿನಾರನೆಯ ವಯಸ್ಸಿಗೆ ಮುಚ್ಚಿದ ಆ ಬಾಗಿಲನ್ನು ಮತ್ತೆ ತೆರೆಯುವ ಅಗತ್ಯ ಮಗುವಿಗೂ ಕಾಣುವುದಿಲ್ಲ, ಹೆತ್ತವರಿಗೂ ಕಾಣುವುದಿಲ್ಲ. 'ಲೆಕ್ಕಪತ್ರ ಬರೆಯುವವನಿಗೆ ಜೀವಕೋಶದ ಚಿಂತೆ ಏಕೆ?' ಎಂಬ ಪ್ರಶ್ನೆ ಸಹಜವೆಂಬಂತೆ ಕೇಳಿಬರುತ್ತದೆ. ತನ್ನ ಆಸಕ್ತಿಗೂ ವೃತ್ತಿಗೂ ಹೊರಗಿನ ವಿಜ್ಞಾನವನ್ನು ಮನುಷ್ಯನು ಕಲಿಯಬೇಕೇ, ಬೇಡವೇ ಎಂಬುದನ್ನು ಈ ವಾರ ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳ ನೆಲದ ಮೇಲೆ ನಿಂತೇ ವಿಚಾರಿಸಬಯಸುತ್ತೇವೆ.

ಬೇಡವೆನ್ನುವವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆಯುಷ್ಯ ಅಲ್ಪ, ವಿದ್ಯೆ ಅಪಾರ. ತೆರಕಣಾಂಬಿಯ ಮಾರುಕಟ್ಟೆಯಲ್ಲಿ ತರಕಾರಿ ಮಾರುವವನು ಗ್ರಹಗತಿಯನ್ನು ತಿಳಿದ ಮಾತ್ರಕ್ಕೆ ಅವನ ಟೊಮೇಟೊಗೆ ಹೆಚ್ಚಿನ ಬೆಲೆ ಬರುವುದಿಲ್ಲ. ಕಾಯಿಲೆಗೆ ವೈದ್ಯರಿದ್ದಾರೆ, ಬೆಳೆಗೆ ಕೃಷಿ ಅಧಿಕಾರಿಗಳಿದ್ದಾರೆ, ಸೇತುವೆಗೆ ಎಂಜಿನಿಯರುಗಳಿದ್ದಾರೆ. ಬಲ್ಲವರನ್ನು ನಂಬಿ ನಮ್ಮ ಪಾಲಿನ ಕೆಲಸವನ್ನು ನಾವು ಮಾಡಿದರೆ ಸಾಲದೇ ಎಂದು ಅವರು ಕೇಳುತ್ತಾರೆ. ಸಾಲದು ಎಂಬುದು ನಮ್ಮ ಉತ್ತರ. ಏಕೆಂದರೆ ಯಾರನ್ನು ನಂಬಬೇಕು, ಯಾವ ಮಾತನ್ನು ನಂಬಬೇಕು, ಯಾವಾಗ ಅವರ ಬಳಿಗೆ ಓಡಬೇಕು ಎಂಬುದನ್ನು ತೀರ್ಮಾನಿಸುವ ಹೊಣೆ ಕಡೆಗೂ ನಮ್ಮ ಮೇಲೆಯೇ ಉಳಿಯುತ್ತದೆ. ಆ ತೀರ್ಮಾನಕ್ಕೆ ಬೇಕಾದ ವಿಜ್ಞಾನವನ್ನು ಬೇರೊಬ್ಬರು ನಮ್ಮ ಪರವಾಗಿ ಕಲಿಯಲಾರರು.

ನಮ್ಮ ಊರಿಗೇ ಅಂಟಿಕೊಂಡಿದ್ದ ಒಂದು ಅಪವಾದವನ್ನು ಮೊದಲು ತೆಗೆದುಕೊಳ್ಳೋಣ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ಮಾತು ದಶಕಗಳ ಕಾಲ ನಾಡಿನ ಉದ್ದಗಲಕ್ಕೂ ಹಬ್ಬಿತ್ತು. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆ ಉದಯಿಸಿದಾಗ, ಅದರ ಉದ್ಘಾಟನೆ ಜಿಲ್ಲಾ ಕೇಂದ್ರದಲ್ಲಿ ನಡೆಯದೆ ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಈ ನಂಬಿಕೆಯನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿರಲಿಲ್ಲ; ಒಂದು ಹಾಳೆಯಲ್ಲಿ ನಾಲ್ಕು ಮನೆಗಳನ್ನು ಬರೆದಿದ್ದರೆ ಸಾಕಿತ್ತು. ಬಂದು ಅಧಿಕಾರ ಕಳೆದುಕೊಂಡವರು, ಬಂದೂ ಉಳಿಸಿಕೊಂಡವರು, ಬಾರದೆಯೂ ಕಳೆದುಕೊಂಡವರು, ಬಾರದೆ ಉಳಿಸಿಕೊಂಡವರು. ಜನರು ನೆನಪಿನಲ್ಲಿಟ್ಟದ್ದು ಮೊದಲ ಮನೆಯನ್ನು ಮಾತ್ರ. ಐದು ವರ್ಷ ಪೂರೈಸಿದ ಮುಖ್ಯಮಂತ್ರಿಗಳೇ ವಿರಳವಾದ ರಾಜ್ಯದಲ್ಲಿ, ಯಾವ ಊರಿಗೆ ಭೇಟಿ ಕೊಟ್ಟರೂ ಕೆಲಕಾಲದ ನಂತರ ಅಧಿಕಾರ ಹೋಗುವ ಸಂಭವವೇ ಹೆಚ್ಚು. ಶ್ರೀ ಸಿದ್ದರಾಮಯ್ಯನವರು 2013ರಿಂದ 2018ರ ಅವಧಿಯಲ್ಲಿ ಹಲವು ಬಾರಿ ಇಲ್ಲಿಗೆ ಬಂದರು, ಐದು ವರ್ಷವನ್ನೂ ಪೂರೈಸಿದರು. ಆದರೆ ಅದಕ್ಕೆ ಮೊದಲು ಎಷ್ಟೋ ವರ್ಷ ಅಧಿಕಾರಸ್ಥರು ಕಣ್ಣಾರೆ ಕಾಣದ ಊರಾಗಿ ಉಳಿದ ನಷ್ಟವನ್ನು ಜಿಲ್ಲೆಯ ಬಡವರೇ ಹೊತ್ತರು.

ಇದೇ ತಪ್ಪು ಲೆಕ್ಕ ನಮ್ಮ ಮನೆಗಳಲ್ಲೂ ನಡೆಯುತ್ತದೆ. 'ಆ ಬೇರಿನ ರಸ ಕುಡಿದ, ಕಾಮಾಲೆ ಹೋಯಿತು' ಎಂದು ಹೇಳುವವರು, ಅಶುದ್ಧ ನೀರಿನಿಂದ ಬರುವ ಸಾಮಾನ್ಯ ಕಾಮಾಲೆ ಬಹುಪಾಲು ಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಅರಿಯರು. ತಾನಾಗಿ ಇಳಿಯದ ಕಾಮಾಲೆಯೂ ಉಂಟು. ಬೇರಿನ ರಸವನ್ನು ನೆಚ್ಚಿ ಕುಳಿತ ಅಂಥ ರೋಗಿ ಆಸ್ಪತ್ರೆ ಸೇರುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಇನ್ನು ಮನೆಯ ಅಟ್ಟದ ಕಡೆಗೆ ನೋಡೋಣ. 2018ರ ಡಿಸೆಂಬರ್ 14ರಂದು ಹನೂರು ಭಾಗದ ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ ಘೋರ ಕೃತ್ಯದಿಂದ 17 ಮಂದಿ ಪ್ರಾಣ ಕಳೆದುಕೊಂಡರು. ಅದು ದುರುಳತನದ ಫಲವೇ ಹೊರತು ಉಂಡವರ ಅಜ್ಞಾನದ ಫಲವಲ್ಲ. ಆದರೆ ಅಂಥದೇ ವಿಷದ ಬಾಟಲಿಗಳು ಅರಿಶಿನ, ಬಾಳೆ, ತರಕಾರಿ ಬೆಳೆಯುವ ಮನೆಗಳಲ್ಲಿ ಅಡುಗೆ ಎಣ್ಣೆಯ ಪಕ್ಕದಲ್ಲಿ ಕುಳಿತಿರುವುದನ್ನು ಕಾಣುತ್ತೇವೆ. ಪ್ರತಿ ಬಾಟಲಿಯ ಮೇಲೆ ಒಂದು ವಜ್ರಾಕೃತಿಯ ಚೌಕವಿರುತ್ತದೆ. ಅದರ ಕೆಳಭಾಗ ಕೆಂಪಾಗಿದ್ದರೆ ಅತ್ಯುಗ್ರ ವಿಷ. ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಓದು ಬಾರದವರೂ ಗುರುತಿಸಲೆಂದು ಮಾಡಿದ ಈ ಬಣ್ಣದ ಭಾಷೆಯನ್ನು ಪದವೀಧರರಾದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು? ಆರ್ಗನೋಫಾಸ್ಫೇಟ್ ವರ್ಗದ ವಿಷವು ನರಗಳ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಬಾಯಲ್ಲಿ ಜೊಲ್ಲು, ಮೈಯಲ್ಲಿ ಬೆವರು, ಕುಗ್ಗಿದ ಕಣ್ಣಪಾಪೆ, ಉಬ್ಬಸ ಕಾಣಿಸಿಕೊಳ್ಳುತ್ತವೆ. ಅದು ಚರ್ಮದ ಮೂಲಕವೂ ಒಳಸೇರುತ್ತದೆ. ತೊಯ್ದ ಬಟ್ಟೆಯನ್ನು ಕಳಚಿ, ಸೋಪಿನಿಂದ ಮೈ ತೊಳೆದು, ಬಾಟಲಿಯನ್ನೂ ಜೊತೆಗೊಯ್ದರೆ ವೈದ್ಯರು ಅಟ್ರೋಪಿನ್ ಕೊಡಲು ಕ್ಷಣವೂ ತಡಮಾಡಬೇಕಾಗದು. ಇದು ರಸಾಯನಶಾಸ್ತ್ರದ ಪಾಠ. ಇದರ ಅಗತ್ಯ ಬೀಳುವುದು ಮಾತ್ರ ರಸಾಯನಶಾಸ್ತ್ರಜ್ಞನಿಗಲ್ಲ, ಮನೆಯೊಡತಿಗೆ.

ಹಾವಿನ ಕಡಿತದ ವಿಷಯವೂ ಹೀಗೆಯೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೂ ಸಲ್ಲುವ ಒಂದೇ ಪ್ರತಿವಿಷವನ್ನು ಕುದುರೆಗಳ ರಕ್ತದ ನೆರವಿನಿಂದ ತಯಾರಿಸುತ್ತಾರೆ. ಅದು ಸಿಕ್ಕುವುದು ಆಸ್ಪತ್ರೆಯಲ್ಲಿ. ಹಗ್ಗ ಬಿಗಿಯುವುದು, ಗಾಯ ಕುಯ್ಯುವುದು, ಮಂತ್ರದವನ ಮನೆ ಹುಡುಕುವುದು ಇವೆಲ್ಲ ಕೈಯಲ್ಲಿದ್ದ ಹೊತ್ತನ್ನು ಕಳೆಯುತ್ತವೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು 2012-13ರಲ್ಲಿ ನಮ್ಮ ಬಂಡೀಪುರದಲ್ಲೇ, ಸತ್ತ ಕೋತಿಗಳನ್ನು ಮುಟ್ಟಿದ್ದ ಅರಣ್ಯ ಕೆಲಸಗಾರರಲ್ಲಿ ಕಾಣಿಸಿಕೊಂಡಿತು. ಕಾಡಂಚಿನಲ್ಲಿ ಬಿದ್ದ ಕೋತಿಯ ಶವವನ್ನು ಮುಟ್ಟಬಾರದು, ಸುದ್ದಿ ಮುಟ್ಟಿಸಬೇಕು ಎಂಬ ತಿಳಿವಳಿಕೆ ದನ ಕಾಯುವ ಹುಡುಗನಿಗೂ ಬೇಕು.

ಕಾಡಿನ ಮಕ್ಕಳಾದ ಸೋಲಿಗರು, ಜೇನು ಕುರುಬರ ನಡುವೆ ಕುಡುಗೋಲು ಕಣದ ರಕ್ತಹೀನತೆ ಎಂಬ ಆನುವಂಶಿಕ ಕಾಯಿಲೆಯಿದೆ. ತಂದೆ ತಾಯಿ ಇಬ್ಬರೂ ಆರೋಗ್ಯವಂತರಾಗಿ ಕಾಣುವ ವಾಹಕರಾಗಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಇದನ್ನು ಅರಿಯದ ಶಿಕ್ಷಕಿ, ಕೀಲುನೋವಿನಿಂದ ಪದೇ ಪದೇ ಗೈರುಹಾಜರಾಗುವ ಮಗುವನ್ನು ಸೋಮಾರಿಯೆಂದು ಗದರುತ್ತಾಳೆ. ಅರಿತವಳು ರಕ್ತಪರೀಕ್ಷೆಗೆ ಕಳುಹಿಸುತ್ತಾಳೆ. ಆ ಶಿಕ್ಷಕಿ ಕನ್ನಡವನ್ನೋ ಚರಿತ್ರೆಯನ್ನೋ ಬೋಧಿಸುವವಳಾಗಿರಬಹುದು. ವಿಜ್ಞಾನ ತನ್ನ ವಿಷಯವಲ್ಲ ಎಂಬ ಅವಳ ಮಾತಿನ ಬೆಲೆಯನ್ನು ತೆರುವುದು ಮಗು.

ಈ ನಾಲ್ಕರಲ್ಲಿ ಒಂದರ ಲೆಕ್ಕವನ್ನು ಜಗತ್ತಿಗೆ ಕೊಟ್ಟವರು ಸಂತ ಅಗಸ್ಟೀನರ ಸಭೆಯ ಸಂನ್ಯಾಸಿ ಗ್ರೆಗೋರ್ ಮೆಂಡೆಲ್ ಎಂಬುದನ್ನು ನಮ್ಮ ಓದುಗರಿಗೆ ನೆನಪಿಸಬಯಸುತ್ತೇವೆ. ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ವರ್ಷಗಟ್ಟಲೆ ಬೆಳೆಸಿ, ಎಣಿಸಿ, 1866ರಲ್ಲಿ ತಮ್ಮ ಪ್ರಬಂಧವನ್ನು ಅಚ್ಚು ಹಾಕಿಸಿದವರು ಅವರು. ಮೆಂಡೆಲರು ಅದಕ್ಕೆ ಮೊದಲು ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರವನ್ನೂ ಓದಿದ್ದರು. ಗಿಡದ ಶಾಸ್ತ್ರಕ್ಕೆ ಎಣಿಕೆಯನ್ನು ತರಲು ಆ ಹೊರಗಿನ ವಿದ್ಯೆಯೇ ಅವರಿಗೆ ನೆರವಾಯಿತು. ಗಿಡಗಳನ್ನು ಲೆಕ್ಕದ ಕಣ್ಣಿನಿಂದ ನೋಡುವ ರೂಢಿ ಅಂದಿನ ಸಸ್ಯಶಾಸ್ತ್ರಜ್ಞರಲ್ಲಿ ಇರಲಿಲ್ಲ. ಆ ಮಹತ್ಕಾರ್ಯ 1900ರ ವರೆಗೆ ಮೂಲೆಯಲ್ಲಿ ಬಿದ್ದಿತ್ತು. ತಮ್ಮ ಶಾಸ್ತ್ರದ ಬೇಲಿಯೊಳಗೇ ಉಳಿದರೆ ವಿಜ್ಞಾನಿಗಳೂ ಕುರುಡರಾಗುತ್ತಾರೆ.

ನಮ್ಮ ನಾಡಿನಲ್ಲೂ ಇಂಥವರಿದ್ದರು. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಯೇಸುಸಭೆಯ ಗುರು, ವಂದನೀಯ ಸೆಸಿಲ್ ಸಲ್ದಾನರು ಕಾಡುಮೇಡು ಸುತ್ತಿ ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು 1976ರಲ್ಲಿ ಗ್ರಂಥರೂಪಕ್ಕೆ ತಂದರು. 1984ರಲ್ಲಿ ಕರ್ನಾಟಕದ ಸಸ್ಯಸಂಪತ್ತಿನ ಮೊದಲ ಸಂಪುಟವನ್ನು ಹೊರತಂದರು. ಕಾಲೇಜನ್ನು ನಡುವೆಯೇ ಬಿಟ್ಟ ಕಾದಂಬರಿಕಾರ ಡಾ. ಶಿವರಾಮ ಕಾರಂತರು ಮಕ್ಕಳಿಗಾಗಿ ಬಾಲಪ್ರಪಂಚವನ್ನೂ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವನ್ನೂ ಕನ್ನಡದಲ್ಲಿ ಬರೆದರು. ವಿಜ್ಞಾನ ಕಲಿತರೆ ವಿಶ್ವಾಸ ಕರಗೀತೆಂದು ಅಂಜುವ ಹಿರಿಯರು ಇನ್ನೂ ಇದ್ದಾರೆ. ಗೆಲಿಲಿಯೋನ ವಿಚಾರದಲ್ಲಿ ಅಂದಿನ ಧರ್ಮಪಂಡಿತರು ಎಡವಿದರೆಂದು ಜಗದ್ಗುರು ಎರಡನೆಯ ಜಾನ್ ಪಾಲರು 1992ರಲ್ಲಿ ಬಹಿರಂಗವಾಗಿ ನುಡಿದ ಮೇಲೆ ಆ ಅಂಜಿಕೆಗೆ ಆಧಾರವಿಲ್ಲ.

ವಿಜ್ಞಾನವೆಂದರೆ ಪುಸ್ತಕ ಮಾತ್ರ ಎಂದೂ ಭ್ರಮಿಸಬೇಕಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಹೇಗೆ ಹಬ್ಬಿತೆಂದು ಸೋಲಿಗ ಹಿರಿಯರನ್ನು ಕೇಳಿದರೆ, ಹಿಂದೆ ಸಕಾಲದಲ್ಲಿ ಹಾಕುತ್ತಿದ್ದ ತರಗುಬೆಂಕಿಯನ್ನು ನಿಷೇಧಿಸಿದ ಮೇಲೆ ಹಬ್ಬಿತೆನ್ನುತ್ತಾರೆ. ನೆಲ್ಲಿಮರವನ್ನು ಹೀರುವ ಬದನಿಕೆಯೂ ಆಮೇಲೆಯೇ ಹೆಚ್ಚಿತೆನ್ನುತ್ತಾರೆ. ಸಂಶೋಧಕರು ಈ ಮಾತುಗಳನ್ನು ದಾಖಲಿಸಿ ಗಂಭೀರವಾಗಿ ಪರಿಶೀಲಿಸಿದ್ದಾರೆ. ಬೆಂಕಿಯೆಂದರೆ ಕಾಡಿನ ಶತ್ರುವೆಂದಷ್ಟೇ ಕಲಿತವರು, ಆ ಹಿರಿಯರ ದೀರ್ಘಕಾಲದ ವೀಕ್ಷಣೆಯಿಂದ ಕಲಿಯಬೇಕಾದದ್ದು ಉಂಟು. ಅರಿಶಿನದ ಕಥೆ ಇದಕ್ಕೆ ಪೂರಕ. ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದದ್ದೇ. ಆದರೂ 1995ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಲಿಖಿತ ದಾಖಲೆಗಳನ್ನು ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಆ ಗೆಲುವಿಗೆ ವಿಜ್ಞಾನಿ, ಕಾನೂನು ಬಲ್ಲವನು, ಹಳೆಯ ಗ್ರಂಥ ಓದಬಲ್ಲವನು ಮೂವರೂ ಬೇಕಾದರು. ಆದಕಾರಣ ವಿಜ್ಞಾನ ಓದುವ ಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ: ಭಾಷೆ, ಚರಿತ್ರೆ, ಕಾನೂನು ತಮ್ಮದಲ್ಲವೆಂದು ಅವರು ಕೈತೊಳೆದುಕೊಳ್ಳುವಂತಿಲ್ಲ.

ಕೊನೆಯದಾಗಿ, ಹೇಳಲು ಕಷ್ಟವಾದರೂ ಹೇಳದೆ ಇರಲಾಗದ ಮಾತು. 2021ರ ಮೇ 2ರ ರಾತ್ರಿ ಮತ್ತು 3ರ ನಡುವೆ, ಕೋವಿಡ್ ಎರಡನೆಯ ಅಲೆಯಲ್ಲಿ, ಆಮ್ಲಜನಕದ ಕೊರತೆ ತಲೆದೋರಿದ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ಮೃತಪಟ್ಟರು. ಹೈಕೋರ್ಟಿನ ಮುಂದೆಯೂ ಬಂದ ಆ ದುರಂತದ ಹೊಣೆಯನ್ನು ನಿರ್ಧರಿಸುವುದು ಈ ಅಂಕಣದ ಕೆಲಸವಲ್ಲ. ನಾವು ಒಂದು ಲೆಕ್ಕವನ್ನು ಮಾತ್ರ ಮುಂದಿಡುತ್ತೇವೆ. ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಗಂಟೆಗೆ 600 ಲೀಟರ್ ಬೇಕು. ಅಂದರೆ ಸಿಲಿಂಡರು 12 ಗಂಟೆಯೂ ಬಾರದು. ನಿಮಿಷಕ್ಕೆ 60 ಲೀಟರ್ ಬೇಕಾದವನಿಗೆ ಎರಡು ಗಂಟೆಯೂ ಬಾರದು. ಇದು ಪ್ರಾಥಮಿಕ ಶಾಲೆಯ ಗುಣಾಕಾರ, ಭಾಗಾಕಾರ. ಯಾವ ಜಿಲ್ಲೆಯಲ್ಲೇ ಆಗಲಿ, ಇಂಥ ಪೂರೈಕೆಯ ಸರಪಳಿಯಲ್ಲಿ ವೈದ್ಯರಷ್ಟೇ ಇರುವುದಿಲ್ಲ. ಗುಮಾಸ್ತರು, ಲೆಕ್ಕಿಗರು, ವಾಹನ ಚಾಲಕರು, ಆಡಳಿತಗಾರರು, ಜನಪ್ರತಿನಿಧಿಗಳು, ಪತ್ರಕರ್ತರು ಎಲ್ಲರೂ ಇರುತ್ತಾರೆ. 'ಇಂದು ರಾತ್ರಿಗೆ ಎಷ್ಟು ಗಂಟೆಯ ದಾಸ್ತಾನಿದೆ?' ಎಂದು ಹಿಂದಿನ ದಿನವೇ ಗಟ್ಟಿಯಾಗಿ ಕೇಳಬಲ್ಲ ನಾಗರಿಕರು ಹೆಚ್ಚಿದಷ್ಟೂ ಅಧಿಕಾರಸ್ಥರ ಮೈಮರೆವಿಗೆ ಎಡೆ ಕಡಿಮೆಯಾಗುತ್ತದೆ. ಹಾಗೆ ಕೇಳಲು ವೈದ್ಯನಾಗಬೇಕಿಲ್ಲ. ವಿಜ್ಞಾನ ನಮ್ಮದಲ್ಲವೆಂಬ ಸಂಕೋಚ ಬಿಟ್ಟರೆ ಸಾಕು.

ಹಾಗಾದರೆ ಎಲ್ಲರೂ ಎಲ್ಲವನ್ನೂ ಕಲಿಯಬೇಕೇ? ಇಲ್ಲ. ಮೂಲಧಾತುಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಕೆಂದು ನಾವು ಯಾರನ್ನೂ ಒತ್ತಾಯಿಸುವುದಿಲ್ಲ. ಎಣಿಸಿ ನೋಡುವ ಅಭ್ಯಾಸ, 'ಇದು ನಿಮಗೆ ಹೇಗೆ ಗೊತ್ತಾಯಿತು?' ಎಂದು ವಿನಯದಿಂದ ಕೇಳುವ ಧೈರ್ಯ, ಸರಿಯಾದ ಬಲ್ಲವನನ್ನು ಗುರುತಿಸುವ ವಿವೇಕ ಈ ಮೂರು ಸಾಕು. ಆದರೆ ಇವು ಆಸಕ್ತಿಯಿದ್ದವರಿಗೆ ಮಾತ್ರ ಬಿಟ್ಟ ವಿಷಯಗಳಲ್ಲ. ನಮ್ಮ ಆಸಕ್ತಿಯನ್ನು ನಾವು ಆರಿಸಿಕೊಳ್ಳುತ್ತೇವೆ. ನಮ್ಮ ಆಪತ್ತನ್ನು ಆರಿಸಿಕೊಳ್ಳುವುದಿಲ್ಲ.

ನಮ್ಮ ಕುಟುಂಬಗಳು ಇಂದೇ ಆರಂಭಿಸಬಹುದಾದ ಕೆಲಸಗಳಿವೆ. ಕಲಾ, ವಾಣಿಜ್ಯ ವಿಭಾಗ ಸೇರಿದ ಮಕ್ಕಳ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ಮಾರದಿರೋಣ. ಪ್ರತಿ ಧರ್ಮಕೇಂದ್ರದಲ್ಲೂ ತಿಂಗಳಿಗೊಂದು ಭಾನುವಾರ ಬಲಿಪೂಜೆಯ ನಂತರ ಅರ್ಧ ಗಂಟೆಯನ್ನು ಮೀಸಲಿಟ್ಟು, ಊರಿನ ದಾದಿಯನ್ನೋ ಪಶುವೈದ್ಯರನ್ನೋ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನೋ ಸೋಲಿಗ ಹಿರಿಯರನ್ನೋ ಕರೆದು ಕೇಳೋಣ. ಮಗು ಪಠ್ಯದ ಹೊರಗಿನ ಪ್ರಶ್ನೆ ಕೇಳಿದಾಗ 'ಅದು ಪರೀಕ್ಷೆಗೆ ಬರುವುದಿಲ್ಲ' ಎಂಬ ಮಾತನ್ನು ನಮ್ಮ ಮನೆಗಳಿಂದ ಹೊರಹಾಕೋಣ. ಪರೀಕ್ಷೆಗೆ ಬಾರದ ಎಷ್ಟೋ ಪ್ರಶ್ನೆಗಳು ಬದುಕಿನಲ್ಲಿ ಬರುತ್ತವೆ, ಅಲ್ಲಿ ಉತ್ತರಿಸಲು ಮರುಪರೀಕ್ಷೆಯ ಅವಕಾಶವಿರುವುದಿಲ್ಲ.