ಹಲ್ಲು ದೇಹಕ್ಕೆ ಹೊರಗಿನದೇ?

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ದುಡಿಯುವವನ ಪಾಲಿಗೆ ಬರಿಯ ಮಾತಲ್ಲ. ನಾಲ್ಕು ಕಾಸು ಕೈಗೆ ಬರುವ ಹೊತ್ತಿಗೆ ಅವನ ಹಲ್ಲು ಅಲುಗಾಡುತ್ತಿರುತ್ತದೆ.

ಒಸಡಿನಲ್ಲಿ ರಕ್ತ ಕಂಡರೆ ಉಷ್ಣವೆಂದು ನಾವು ಸುಮ್ಮನಾಗುತ್ತೇವೆ. ಅದು ತಪ್ಪು. ಹಲ್ಲಿನ ಬುಡದಲ್ಲಿ ಕಟ್ಟುವ ಕೊಳೆಯಲ್ಲಿ ರೋಗಾಣುಗಳು ಬೆಳೆದು ಒಸಡು ಬಾಯುತ್ತದೆ. ಆ ಕೇಡು ಬಾಯಲ್ಲೇ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆ ಒಸಡನ್ನು ಕೆಡಿಸುತ್ತದೆ. ಕೆಟ್ಟ ಒಸಡು ಸಕ್ಕರೆಯನ್ನು ಹತೋಟಿಗೆ ಬರಗೊಡುವುದಿಲ್ಲ. ಹೃದಯದ ಕವಾಟ ಮೊದಲೇ ಕೆಟ್ಟಿರುವವರಲ್ಲಿ ಬಾಯಿಯ ರೋಗಾಣು ರಕ್ತಕ್ಕಿಳಿದು ಪ್ರಾಣಕ್ಕೇ ಕುತ್ತು ತರಬಹುದು.

ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ದವಡೆಗೆ ಹೊಗೆಸೊಪ್ಪು ಇಡುವವನನ್ನು ಬೈಯುವುದು ಸುಲಭ. ಬಾಯಿಯ ಕ್ಯಾನ್ಸರ್ ತರುವ ಆ ಚಟವನ್ನು ಬಿಡಲೇಬೇಕು, ನಿಜ. ಆದರೆ ನಿದ್ದೆಗೆಡಿಸುವ ಪಾಳಿಯ ಮಾತನ್ನೂ ಆಡಬೇಡವೇ?

ಲೋಕದಲ್ಲಿ ಸುಮಾರು 350 ಕೋಟಿ ಜನ ಬಾಯಿಯ ರೋಗಗಳಿಂದ ನರಳುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳುತ್ತದೆ. ನಮ್ಮಲ್ಲಿ ಇ.ಎಸ್.ಐ. ಚೀಟಿಯುಳ್ಳ ಕಾರ್ಮಿಕ ಔಷಧಾಲಯದ ಬಾಗಿಲನ್ನಾದರೂ ತಟ್ಟಬಹುದು. ಸಣ್ಣ ಅಂಗಡಿಯವನಿಗೆ ಅದೂ ಇಲ್ಲ. ಹಲ್ಲು ಕೀಳಿಸಲು ಹೋದರೆ ಅಂದಿನ ವ್ಯಾಪಾರವೂ ಹೋಯಿತು. ಆದ್ದರಿಂದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಒಂದು ಸಂಜೆಯಾದರೂ ಹಲ್ಲಿನ ವೈದ್ಯರು ಕೂರಬೇಕೆಂಬುದು ನಮ್ಮ ಆಗ್ರಹ.

ಇದ್ದಿಲು, ಇಟ್ಟಿಗೆ ಪುಡಿ ಬಿಟ್ಟು, ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಬಾರಿ ಹಲ್ಲುಜ್ಜುವುದು ನಮ್ಮ ನಮ್ಮ ಕೈಯಲ್ಲಿದೆ. ವೈದ್ಯರನ್ನು ಬಡಾವಣೆಗೆ ತರಿಸುವುದು ನಮ್ಮ ಒಗ್ಗಟ್ಟಿನ ಕೈಯಲ್ಲಿದೆ.