ಸ್ಕ್ಯಾನ್ ಆದರೆ ಸಾಲದು, ಕಡತ ಸಿಗಬೇಕು

ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿ ಗಂಟು ಕಟ್ಟಿಟ್ಟ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೈಗೆತ್ತಿಕೊಂಡಿದ್ದು ಎಂದೋ ಆಗಬೇಕಿದ್ದ ಕೆಲಸ. ಎರಡು ದಶಕಗಳ ಹಿಂದೆಯೇ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಯ ಕಾಲ ಮುಗಿಸಿತ್ತು. ಆದರೆ ಪಹಣಿ ಹೇಳುವುದು ಜಮೀನು ಈಗ ಯಾರ ಹೆಸರಿನಲ್ಲಿದೆ ಎಂಬುದನ್ನು. ಆ ಹೆಸರಿಗೆ ಅದು ಹೇಗೆ ಬಂತು ಎಂಬುದಕ್ಕೆ ಸಾಕ್ಷಿ ಹೇಳಬೇಕಾದ ಮಂಜೂರಾತಿ ಕಡತ, ಸಾಗುವಳಿ ಚೀಟಿಯ ಕಚೇರಿ ಪ್ರತಿ, ಹಳೆಯ ಮ್ಯುಟೇಶನ್ ರಿಜಿಸ್ಟರುಗಳು ಗಂಟಿನಲ್ಲೇ ಉಳಿದವು. ದರಖಾಸ್ತು ಜಮೀನಿಗೆ ಪೋಡಿ ಮಾಡಿಕೊಡಿ ಎಂದು ಕೇಳಿದ ರೈತನಿಗೆ ‘ಮೂಲ ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಬಂದರೆ ಅರ್ಜಿ ಅಲ್ಲಿಗೇ ನಿಂತಿತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಪರಿಶಿಷ್ಟ ಕುಟುಂಬವೊಂದು ಕೈತಪ್ಪಿದ ಜಮೀನನ್ನು ವಾಪಸ್ ಕೇಳಬೇಕಾದರೂ, ಅದು ಸರ್ಕಾರ ಮಂಜೂರು ಮಾಡಿದ್ದೆಂದು ಮೊದಲು ತೋರಿಸಬೇಕು. ಕಾಗದವೇ ಕಾಣೆಯಾದರೆ ಕಾಯ್ದೆ ಇದ್ದೂ ಇಲ್ಲದಂತೆ.

ಹಾಗೆಂದು ಪುಟಗಳ ಫೋಟೊ ತೆಗೆದಿಟ್ಟ ಮಾತ್ರಕ್ಕೆ ದಾಖಲೆ ಜನರ ಕೈಗೆ ಬಂದಂತಲ್ಲ. ಹಳೆಯ ಶಾನುಭೋಗರ ಕೈಬರಹ, ಕಿತ್ತೂರು ಕರ್ನಾಟಕದ ಮೋಡಿ ಲಿಪಿಯ, ಕಲ್ಯಾಣ ಕರ್ನಾಟಕದ ಉರ್ದು ಕಡತಗಳನ್ನು ಯಂತ್ರ ತಾನೇ ಓದಿ ಹುಡುಕಿಕೊಡುವ ಕಾಲ ಇನ್ನೂ ಬಂದಿಲ್ಲ. ಗ್ರಾಮ, ಸರ್ವೆ ನಂಬರು, ವರ್ಷ, ಕಡತದ ಬಗೆ, ಮಂಜೂರಾದವರ ಹೆಸರು ಇಷ್ಟನ್ನು ಬಲ್ಲವರೊಬ್ಬರು ಕೂತು ಓದಿ ಸೂಚಿಗೆ ಸೇರಿಸಬೇಕು. ಗೋಮಾಳದ ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಜನರಿಗೆ ಮಂಜೂರಾಗಿ, ಆಮೇಲೆ ಪಿ ನಂಬರಾಗಿ, ಪೋಡಿಯಾದ ಮೇಲೆ ಹೊಸ ನಂಬರಾಗಿ ಬದಲಾಗಿರುತ್ತದೆ. ಹಳೆಯ ನಂಬರಿಗೂ ಹೊಸದಕ್ಕೂ ಕೊಂಡಿ ಹಾಕದಿದ್ದರೆ ಇಂದಿನ ಪಹಣಿ ಹಿಡಿದು ಹುಡುಕುವವನಿಗೆ ಏನೂ ಸಿಗುವುದಿಲ್ಲ. ಗುತ್ತಿಗೆದಾರರಿಗೆ ಪುಟದ ಲೆಕ್ಕದಲ್ಲಿ ಹಣ ಕೊಟ್ಟರೆ ಪುಟಗಳಷ್ಟೇ ಹೆಚ್ಚುತ್ತವೆ. ಈ ನಿಧಾನದ ಕೆಲಸ ಹಿಂದೆ ಬೀಳುತ್ತದೆ. ಅದಕ್ಕೆಲ್ಲ ಹಣ ಎಲ್ಲಿದೆ ಎಂಬ ಮಾತು ಬಂದೇ ಬರುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮನ್ನು ಓದಿದರೆ, ಸಂಪನ್ಮೂಲದ ಲಭ್ಯತೆಯ ರಿಯಾಯಿತಿ ಇರುವುದು ಕಂಪ್ಯೂಟರೀಕರಣಕ್ಕೆ. ದಾಖಲೆಗಳಿಗೆ ಸೂಚಿ ಸಿದ್ಧಪಡಿಸುವ ಹೊಣೆಗೆ ಅಂಥ ರಿಯಾಯಿತಿ ಇಲ್ಲ. ಅದು 2005ರಿಂದಲೇ ಬಾಕಿ ಇರುವ ಕರ್ತವ್ಯ.

ಎಲ್ಲವನ್ನೂ ತೆರೆದಿಟ್ಟರೆ ಭೂಗಳ್ಳರಿಗೆ ಅನುಕೂಲ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ವಾರಸುದಾರರಿಲ್ಲದ ಜಮೀನು ಹುಡುಕುವವರಿದ್ದಾರೆ, ನಿಜ. ಆದರೆ ಅಂಥವರಿಗೆ ಮುಚ್ಚಿದ ಅಭಿಲೇಖಾಲಯದ ಬಾಗಿಲು ಎಂದೂ ಅಡ್ಡಿಯಾಗಿಲ್ಲ. ಅದು ಅಡ್ಡಿಯಾಗಿರುವುದು ವಶೀಲಿ ಇಲ್ಲದವರಿಗೆ. ಆಧಾರ್ ಸಂಖ್ಯೆ, ಫೋನ್ ನಂಬರುಗಳನ್ನು ಮರೆಮಾಡಿ, ಉಳಿದದ್ದನ್ನು ನಾಡಕಚೇರಿಯಲ್ಲೂ ಮೊಬೈಲಿನಲ್ಲೂ ನೋಡುವಂತೆ ಮಾಡಬಹುದು. ಸ್ಕ್ಯಾನ್ ಆಯಿತೆಂದು ಮೂಲ ಕಾಗದವನ್ನು ಮಾತ್ರ ವಿಲೇವಾರಿ ಮಾಡಕೂಡದು. ಸಹಿ ತಿದ್ದಿದ್ದೋ, ಶಾಯಿ ಬೇರೆಯೋ ಎಂದು ನ್ಯಾಯಾಲಯ ಕೇಳಿದಾಗ ಪರೀಕ್ಷೆಗೆ ಕಳಿಸಬೇಕಾದದ್ದು ಮೂಲ ಹಾಳೆಯನ್ನೇ. ಸಿಕ್ಕಿದ್ದರ ಜೊತೆಗೆ ಸಿಗದಿದ್ದನ್ನೂ ಸರ್ಕಾರ ಹೇಳಬೇಕು. ಮಂಜೂರಾತಿ ರಿಜಿಸ್ಟರಿನಲ್ಲಿ ನಮೂದಾಗಿದ್ದೂ ಗಂಟಿನಲ್ಲಿ ಇಲ್ಲದ ಕಡತಗಳ ಪಟ್ಟಿಯನ್ನು ಗ್ರಾಮವಾರು ಪ್ರಕಟಿಸಿ, ಪ್ರತಿಯೊಂದನ್ನೂ ಕೊನೆಯದಾಗಿ ಯಾವ ಶಾಖೆ ಪಡೆದಿತ್ತು ಎಂಬುದನ್ನು ಅದರ ಮುಂದೆಯೇ ಬರೆಯಬೇಕು.